ಮುಟ್ಟಿದವರ ಹೆಸರು

ಆಷಾಢದ ಆ ಬೆಳಗ್ಗೆ ಮಿಯಾಪುರದ ಮೇಲೆ ಮೋಡ ಕವಿದಿತ್ತು, ಆದರೆ ಸುರಿಯುವ ಮನಸ್ಸು ಅದಕ್ಕೆ ಇದ್ದಂತಿರಲಿಲ್ಲ. ಪೂಜೆಗೆ ಮೊದಲು ಯಾರೋ ಬೆರಳದ್ದಿ ಪ್ರೋಕ್ಷಣೆ ಮಾಡಿದ ಹಾಗೆ ನಾಲ್ಕು ಹನಿ ಉದುರುವುದು, ನಿಲ್ಲುವುದು, ಅಷ್ಟರಲ್ಲಿ ಗಾಳಿ ಬಂದು ಆ ಹನಿಗಳನ್ನೇ ಓರೆಯಾಗಿ ಹೊಡೆದುಕೊಂಡು ಅಪಾರ್ಟ್‌ಮೆಂಟಿನ ಬಾಲ್ಕನಿಗಳ ಒಳಕ್ಕೆ ತರುವುದು. ಬಾಯಲ್ಲಿ ಬ್ರಷ್ಷು ಇಟ್ಟುಕೊಂಡು ಹೊರಗೆ ಬಂದ ಜಯತೀರ್ಥ, ಗಳದ ಮೇಲೆ ಹರವಿದ್ದ ತಾಯಿಯ ಮಡಿ ಸೀರೆಯ ಅಂಚಿಗೆ ಹನಿ ತಾಗುವುದನ್ನು ಕಂಡ. ರಾತ್ರಿಯಿಡೀ ಒಣಹಾಕಿದ್ದು ಹೀಗೆ ಮತ್ತೆ ನೆನೆದುಹೋಗುತ್ತದಲ್ಲ ಅನ್ನಿಸಿ, ಕೈಯಿಂದಲೇ ಅದನ್ನು ಗೋಡೆಯ ಕಡೆಗೆ ಸರಿಸಿದ. ಸರಿಸಿದ ಮೇಲೆ ತನ್ನ ಕೈಯನ್ನು ನೋಡಿಕೊಂಡ. ಸ್ನಾನವಾಗದ ಕೈ. ಮಡಿಯಲ್ಲಿದ್ದವರ ಹೊರತು ಯಾರೂ ಮುಟ್ಟಬಾರದ ಸೀರೆ ಅದು. ತಾಯಿ ಗಿರಿಜಾಬಾಯಿ ತಾವೇ ಸ್ನಾನಕ್ಕೆ ಮೊದಲು ಅದರ ಹತ್ತಿರ ಹೋಗುವುದಿಲ್ಲ, ಕೋಲಿನಿಂದ ಎತ್ತಿಕೊಳ್ಳುತ್ತಾರೆ. ಬೇರೆ ಯಾರಾದರೂ ಮುಟ್ಟಿದರೆ ಅದು ಮತ್ತೆ ನೀರಿಗೆ ಹೋಗಬೇಕು. ಬಚ್ಚಲಿನಲ್ಲಿ ತಾಯಿ ಬಟ್ಟೆ ಒಗೆಯುತ್ತಿದ್ದ ಸದ್ದು ಕೇಳುತ್ತಿತ್ತು, ಅದರ ನಡುವೆ ಹದಿನೈದು ದಿನದಿಂದ ಬಿಡದ ಆ ಒಣಕೆಮ್ಮು. ಜಯತೀರ್ಥ ತನ್ನ ಕೋಣೆಯ ಬಚ್ಚಲಿನಲ್ಲಿ ಸ್ನಾನ ಮುಗಿಸಿ, ಸಂಧ್ಯಾವಂದನೆ ಮಾಡಿ, ಹಣೆಗೆ ಗಂಧ ಅಂಗಾರ ಇಟ್ಟುಕೊಂಡು, ಚೀಲ ಹೆಗಲಿಗೆ ಹಾಕಿ, ತಾಯಿ ಈಗ ಸ್ನಾನಕ್ಕೆ ಬಿಸಿನೀರು ಬಿಟ್ಟುಕೊಳ್ಳುತ್ತಿದ್ದ ಬಚ್ಚಲಿನ ಬಾಗಿಲ ಮುಂದೆ ಒಂದು ಕ್ಷಣ ನಿಂತ. ಹೇಳಿದರೆ ಈ ಥಂಡಿಯಲ್ಲಿ ಮತ್ತೆ ಸೀರೆ ತೊಳೆಯುತ್ತಾಳೆ, ಮತ್ತೆ ಕೆಮ್ಮುತ್ತಾಳೆ. ಹೇಳದಿದ್ದರೆ ದೇವರಿಗೆ ಗೊತ್ತಿರುತ್ತದೆ, ಆತ ಕ್ಷಮಿಸುತ್ತಾನೆ, ತಾಯಿ ಬೆಚ್ಚಗಿರುತ್ತಾಳೆ. ಹೀಗೆ ಲೆಕ್ಕ ಹಾಕಿದಾಗ ಸುಮ್ಮನಿರುವುದೇ ಕರುಣೆ ಎಂದು ಕಂಡಿತು. "ಅವ್ವಾ, ಬರ್ತೀನಿ" ಅಂದ. ಒಳಗಿನಿಂದ, "ಡಬ್ಬಿ ಬ್ಯಾಡಾ ಅಂದ್ಯಲ್ಲಾ ಇವತ್ತ, ಹೊರಗ ಹಾಳುಮೂಳು ತಿನಬ್ಯಾಡ" ಎಂಬ ಮಾತು ನೀರಿನ ಸದ್ದಿನೊಡನೆ ಬಂತು.

ಮಿಯಾಪುರದಿಂದ ಹೈಟೆಕ್ ಸಿಟಿಗೆ ರಸ್ತೆಯ ಮೇಲೆ ಹೋದರೆ ಹತ್ತಿರ. ಆದರೆ ಅವನು ಮೆಟ್ರೋದಲ್ಲಿ ಅಮೀರ್‌ಪೇಟೆಯ ತನಕ ಹೋಗಿ, ಅಲ್ಲಿ ಗಾಡಿ ಬದಲಿಸಿ, ಊರನ್ನು ಸುತ್ತಿ ಬರುತ್ತಿದ್ದ. ಸುತ್ತುದಾರಿಯಾದರೂ ಅದು ಹಳಿಯ ಮೇಲೆ ಹೋಗುತ್ತದೆ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತದೆ, ಬಾಗಿಲು ತೆರೆಯುವ ಜಾಗಕ್ಕೆ ನೆಲದ ಮೇಲೆ ಗೆರೆ ಹಾಕಿರುತ್ತದೆ. ಗೆರೆಗಳೆಂದರೆ ಅವನಿಗೆ ಒಂದು ಬಗೆಯ ಸಮಾಧಾನ. ಇಂದು ಆ ಸಮಾಧಾನ ಬರಲಿಲ್ಲ. ಕಂಬಿ ಹಿಡಿದು ನಿಂತವನಿಗೆ ಕಿವಿಯಲ್ಲಿ ತಂತಿ ಸಿಕ್ಕಿಸಿಕೊಂಡ ಹುಡುಗಿಯೊಬ್ಬಳು "ಅಂಕುಲ್, ಕೂರ್ಚೋಂಡಿ" ಎಂದು ಎದ್ದು ಜಾಗ ಕೊಟ್ಟಳು. ನಲವತ್ತು ಇನ್ನೂ ದಾಟದವನು ಬೇಡವೆನ್ನಲಾಗದೆ ಕೂತ, ಕೂತು ಆ ಕೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡ. ಬೆರಳ ತುದಿಯಲ್ಲಿ ಇನ್ನೂ ಒದ್ದೆ ನೂಲಿನ ನೆನಪಿತ್ತು. ಇವತ್ತು ಮ್ಯಾನೇಜರ್ ನಳಿನಿ ಮೇಡಂ ಕರೆದಿರುವುದು ಕಾವ್ಯಾಳ ವಿಷಯ ಮಾತಾಡಲು. ಕಾವ್ಯಾ ಹುಮನಾಬಾದಿನ ಹುಡುಗಿ, ಅವನ ಕೈಕೆಳಗೆ ಕೆಲಸ ಮಾಡುವವಳು, ಪ್ರೊಬೇಶನ್ ಮುಗಿಯುತ್ತಿದೆ. ಇಟ್ಟುಕೊಳ್ಳುವುದೋ ಕಳಿಸುವುದೋ ಎಂಬ ಮಾತು. ಜಯತೀರ್ಥನ ಹೆಸರೂ ಅದೇ ಸಭೆಯಲ್ಲಿ ಬರುವುದಿತ್ತು, ಮೇಲಿನ ಹುದ್ದೆಗೆ. ಎರಡೂ ಒಟ್ಟಿಗೇ ಬರುವುದು ಕಾಕತಾಳೀಯ ಎಂದು ಅವನು ತನಗೆ ತಾನೇ ಹೇಳಿಕೊಂಡ. ಕಾಕತಾಳೀಯವಲ್ಲ ಎಂದು ಅವನಿಗೆ ಗೊತ್ತಿತ್ತು.

ಕಚೇರಿಯಲ್ಲಿ ಎಲ್ಲರೂ ಪೈಥಾನ್‌ನಲ್ಲಿ ಪ್ರೋಗ್ರಾಮು ಬರೆಯುವವರು. ಆ ವರ್ಷ ಕೆಲಸ ಎಷ್ಟಿತ್ತೆಂದರೆ ಸೋಮವಾರ ಸೇರಿದವರು ಶುಕ್ರವಾರ ಹೆಚ್ಚು ಸಂಬಳಕ್ಕೆ ಎದುರು ಕಟ್ಟಡಕ್ಕೆ ಹೋಗುತ್ತಿದ್ದರು. ಒಬ್ಬ ಅರ್ಧ ಬರೆದದ್ದನ್ನು ಇನ್ನೊಬ್ಬ ಮುಗಿಸಬೇಕು, ಒಬ್ಬನ ಬರವಣಿಗೆ ಇನ್ನೊಬ್ಬನಿಗೆ ತಿಳಿಯದು. ಆ ಗದ್ದಲದೊಳಗೆ ಲಿಂಟರನ್ನು ತಂದವನು ಜಯತೀರ್ಥ. ಲಿಂಟರ್ ಅಂದರೆ ಬರೆದದ್ದನ್ನು ಓಡಿಸದೆಯೇ ಓದಿ ನೋಡುವ ಇನ್ನೊಂದು ಪ್ರೋಗ್ರಾಮು: ಸಾಲು ಉದ್ದವಾಯಿತು, ಇಲ್ಲಿ ಜಾಗ ಬಿಟ್ಟಿಲ್ಲ, ಈ ಹೆಸರು ನಿಯಮದಂತಿಲ್ಲ, ಕಡತದ ಕೊನೆಯ ಸಾಲಾದ ಮೇಲೆ ಎಂಟರ್ ಒತ್ತಿಲ್ಲ ಎಂದು ಕೆಂಪಕ್ಷರದಲ್ಲಿ ಬೆರಳು ತೋರಿಸುತ್ತದೆ. ಬರೆದದ್ದು ಸರಿಯೋ ತಪ್ಪೋ ಅದಕ್ಕೆ ಬೇಕಿಲ್ಲ, ಆಚಾರ ಸರಿಯಿದ್ದರಾಯಿತು. ಮೊದಲ ಸಲ ಅದು ಓಡಿದಾಗ ಜಯತೀರ್ಥನಿಗೆ ಏನೋ ಹಳೆಯ ಪರಿಚಯವಾದ ಹಾಗೆ ಆಯಿತು. ಮನೆಯಲ್ಲಿ ತಾಯಿಯ ಮಡಿಯನ್ನು ಕಂಡು ಒಳಗೊಳಗೇ ನಗುವವನು, ಇಲ್ಲಿ ಪ್ರೋಗ್ರಾಮಿನೊಳಗಿನ ಹೆಸರಿನ ಎರಡು ಪದಗಳ ನಡುವೆ ಅಂಡರ್‌ಸ್ಕೋರ್ ಎಂಬ ಕೆಳಗೆರೆ ಹಾಕದವರನ್ನು ಕಂಡರೆ ಮೈಮೇಲೆ ನೀರು ಸುರಿದುಕೊಳ್ಳಬೇಕೆಂಬಷ್ಟು ಕಸಿವಿಸಿಪಡುತ್ತಿದ್ದ. ಒಂದು ವಸ್ತುವಿಗೆ ಒಂದೇ ಹೆಸರು, ಆ ಹೆಸರು ಪೂರ್ತಿ ಇರಬೇಕು, ಓದಿದವನಿಗೆ ಅರ್ಥವಾಗಬೇಕು. ಸಾವಿರ ಹೆಸರಿನಿಂದ ಒಬ್ಬನನ್ನೇ ದಿನಾ ಕರೆಯುವ ಮನೆಯಲ್ಲಿ ಹುಟ್ಟಿ ಬೆಳೆದವನಿಗೆ ಈ ನಿಯಮ ಅದೆಷ್ಟು ಪ್ರಿಯವಾಯಿತೆಂದರೆ, ದೇವರ ಮುಂದೆ ಕೂತಾಗಲೂ ಒಮ್ಮೊಮ್ಮೆ ಅನ್ನಿಸುತ್ತಿತ್ತು, ಇದರಲ್ಲಿ ಅರ್ಧದಷ್ಟು ಹೆಸರನ್ನು ತೆಗೆಯಬಹುದು.

"ಆಚಾರ್ರು ಬಂದ್ರು ಆಚಾರ್ರು," ಎಂದ ದೀಪಕ, ಒಳಗೆ ಕಾಲಿಡುತ್ತಲೇ. ಸಿಂಧನೂರಿನ ಬಟ್ಟೆ ಅಂಗಡಿಯವರ ಮಗ, ಬಾಯಿ ದೊಡ್ಡದು. "ಎಲ್ಲಾರೂ ಸಾಲು ಸರಿ ಮಾಡ್ಕೊಳ್ರಿ ಭೈ, ಯಾರದರ ಅಂಗಿ ಗುಂಡಿ ತಪ್ಪಿದ್ರ ಅದಕ್ಕೂ ಕೆಂಪು ಬರ್ತೈತಿ."

"ನಿನ್ನ ಗುಂಡಿ ತಪ್ಪಿಲ್ಲ, ತಲಿ ತಪ್ಪೇದ" ಎಂದು ಜಯತೀರ್ಥ ನಕ್ಕ. ನಗು ಮುಖದ ಮೇಲೆ ಹಾಗೇ ಉಳಿಯಿತು, ತೆಗೆಯಲು ಮರೆತ ಹಾಗೆ.

ಕಾಫಿ ಯಂತ್ರದ ಹತ್ತಿರ ಕಾವ್ಯಾ ನಿಂತಿದ್ದಳು. ಅವಳು ಅಲ್ಲಿ ಕಾಫಿಗಾಗಿ ನಿಂತಿಲ್ಲ ಎಂದು ಗೊತ್ತಾಗುವಷ್ಟು ಹೊತ್ತು ನಿಂತಿದ್ದಳು. ಲೋಟ ಬರಿದಾಗಿತ್ತು.

"ಸರ್, ಇವತ್ತ ಮೇಡಂ ನನ್ನ ವಿಷಯ ಮಾತಾಡ್ತಾರಂತಲ್ರಿ."

"ಹೌದಮ್ಮಾ."

"ನೀವೂ ಇರ್ತೀರಲ್ರಿ?"

"ಇರ್ತೀನಿ."

"ಹಂಗಾರ ನಂಗೇನ್ ಚಿಂತಿ ಇಲ್ಲ ಬಿಡ್ರಿ." ಅವಳು ಹಾಗೆ ಅಂದರೂ ಹೋಗಲಿಲ್ಲ. ಲೋಟವನ್ನು ಯಂತ್ರದ ಕೆಳಗಿಟ್ಟು, ಗುಂಡಿ ಒತ್ತದೆ, "ಅಪ್ಪಾರು ನಿನ್ನೆ ಫೋನ್ ಮಾಡಿದ್ರು. ಪರ್ಮನೆಂಟ್ ಆದ್ರ ತಂಗಿನ್ನ ಇಲ್ಲೇ ನಾರಾಯಣಗೂಡದ ಕಾಲೇಜಿಗೆ ಹಾಕೂಣು ಅಂದಾರ. ನಾ ಆಗ್ತದ ಅಂದೀನಿ. ಅಂದಿದ್ದು ತಪ್ಪೇನ್ರಿ?"

"ತಪ್ಪೇನದ."

"ಸರ್, ಒಂದ್ ಮಾತು. ಆ ಸರಕಿಂದು ನಾ ಬರದಿದ್ದು..." ಎಂದವಳು ಅವನ ಮುಖ ನೋಡಿ ನಿಲ್ಲಿಸಿದಳು. ಆಮೇಲೆ ನಕ್ಕಳು. "ಕೂಸಿನ ಹೆಸರು ನೀವು ಬದಲಿ ಮಾಡೀರಿ, ಮಾರಿ ಅದೇ ಐತಿ ಅಲ್ರಿ? ನೀವು ನೋಡಿದ್ರ ಗುರ್ತು ಸಿಗ್ತೈತಿ."

"ನೀನೇ ಹೇಳಬಹುದಲ್ಲಾ ಮೇಡಂಗೆ?"

"ನಾ ಹೇಳಿದ್ರ ಲೀಡ್ ಮ್ಯಾಲ ಚಾಡಿ ಹೇಳಿದಂಗ ಆಗ್ತೈತ್ರಿ. ನೀವ್ ಹೇಳಿದ್ರ ಬರೇ ಹೇಳಿದಂಗ." ಈಗ ಗುಂಡಿ ಒತ್ತಿದಳು. ಯಂತ್ರ ಗೊರಗೊರ ಸದ್ದು ಮಾಡಿ ಬರಿಯ ಬಿಸಿನೀರು ಸುರಿಸಿತು. ಅದನ್ನೇ ಹಿಡಿದುಕೊಂಡು ಹೋದಳು.

ಕೂಸು. ಶಂಶಾಬಾದಿನಲ್ಲಿ ವಿಮಾನಕ್ಕೆ ಸರಕು ಏರಿಸುವ ಒಂದು ಕಂಪನಿಗೆ ಅವರು ಪ್ರೋಗ್ರಾಮು ಮಾಡಿಕೊಡುತ್ತಿದ್ದರು: ಗೋದಾಮಿಗೆ ಬಂದ ಪೆಟ್ಟಿಗೆಗಳಲ್ಲಿ ಯಾವುದು ಮೊದಲು ಗಾಡಿ ಹತ್ತಬೇಕು, ಯಾವುದು ಕಾಯಬಹುದು, ಯಾವುದನ್ನು ಯಾವುದರ ಪಕ್ಕ ಇಡಬಾರದು. ಮೂರು ಜನ ಹಿರಿಯರು ಕೂತು ಬಿಡಿಸಲಾರದೆ ಬಿಟ್ಟದ್ದನ್ನು ಕಾವ್ಯಾ ಬಿಡಿಸಿದಳು. ಹೇಗೆ ಎಂದು ಕೇಳಿದಾಗ, "ನಮ್ಮೂರ ಬಸ್ಸಿನ್ಯಾಗ ಹೆಂಗ್ ಹತ್ತಸ್ತಾರೋ ಹಂಗ್ರೀ" ಅಂದಿದ್ದಳು. ಅವಳು ಬರೆದದ್ದರಲ್ಲಿ ಔಷಧದ ಸೀಸೆಗಳ ಪೆಟ್ಟಿಗೆಗೆ ಕೂಸು ಎಂದು ಹೆಸರು, ಅದು ಮೊದಲು. ಅಲುಗಾಡಿಸಬಾರದ ಹೂವಿನ ಪೆಟ್ಟಿಗೆ ಬಾಣಂತಿ. ಎಷ್ಟು ಹೊತ್ತಾದರೂ ಕಾಯುವ ಯಂತ್ರದ ಬಿಡಿಭಾಗ ಮುದುಕ. ಯಾರ ಪಕ್ಕದಲ್ಲೂ ಕೂರಿಸಲಾಗದ ರಾಸಾಯನಿಕದ ಡಬ್ಬ ಜಗಳಗಂಟಿ. ಎಲ್ಲ ಹೆಸರುಗಳೂ ಇಂಗ್ಲಿಷ್ ಲಿಪಿಯಲ್ಲಿ. ಎರಡು ಪದ ಸೇರುವಲ್ಲಿ ಕೆಳಗೆರೆಯ ಬದಲು ಒಂದು ದೊಡ್ಡ ಅಕ್ಷರ, ಒಂಟೆಯ ಡುಬ್ಬದ ಹಾಗೆ ಎದ್ದು ನಿಂತು. ಓಡಿಸಿದರೆ ಎಳ್ಳಷ್ಟೂ ತಪ್ಪಿಲ್ಲ. ಲಿಂಟರ್ ಓದಿದರೆ ಪುಟದ ತುಂಬ ಕೆಂಪು.

ಅದನ್ನು ಶುದ್ಧಮಾಡಿದ್ದು ಒಂದು ಏಕಾದಶಿಯ ದಿನ. ಉಪವಾಸದ ಹೊಟ್ಟೆಯಲ್ಲಿ ಮನಸ್ಸು ತಿಳಿನೀರಾಗಿ, ಬೆರಳು ಹಗುರಾಗಿ, ಜಯತೀರ್ಥ ಕೂತಲ್ಲಿಂದ ಏಳದೆ ಒಂದೊಂದೇ ಸಾಲನ್ನು ಎತ್ತಿ ತೊಳೆದು ಇಟ್ಟಿದ್ದ. ಕೂಸು ಹೋಗಿ ಅದರ ಜಾಗದಲ್ಲಿ ಶೈತ್ಯ ಬೇಡುವ ಅಲ್ಪಾಯುಷಿ ಆದ್ಯತೆಯ ಸರಕು ಎಂಬ ಅರ್ಥದ ಐದು ಇಂಗ್ಲಿಷ್ ಪದಗಳು ಕೆಳಗೆರೆಯ ಕೊಂಡಿಗಳಿಂದ ಜೋಡಿಸಿಕೊಂಡು ಗೂಡ್ಸ್ ಗಾಡಿಯಂತೆ ನಿಂತವು. ಹೆಸರು ಉದ್ದವಾದ್ದರಿಂದ ಸಾಲು ಉದ್ದವಾಯಿತು, ಸಾಲು ಉದ್ದವಾಯಿತೆಂದು ಲಿಂಟರ್ ಬೈಯಿತು, ಬೈದದ್ದಕ್ಕೆ ಒಂದು ಸಾಲನ್ನು ಮೂರು ಮಾಡಿದ. ಮುದುಕ ಹೋದ, ಬಾಣಂತಿ ಹೋದಳು. ಜಗಳಗಂಟಿಯನ್ನು ತೆಗೆಯುವಾಗ ಅವನಿಗೇ ಒಂದು ಸಲ ನಗು ಬಂದು, ನಗುತ್ತಲೇ ತೆಗೆದ. ಸಂಜೆಯ ಹೊತ್ತಿಗೆ ಎಲ್ಲ ಹಸಿರು. ಅದನ್ನು ಸೇವೆಯೆಂದು ಮಾಡಿದ, ಕೃಷ್ಣಾರ್ಪಣವೆಂದೂ ಅಂದುಕೊಂಡಿದ್ದ, ಅದರಲ್ಲಿ ಸುಳ್ಳಿಲ್ಲ. ಅವನು ಯೋಚಿಸದಿದ್ದದ್ದು ಒಂದೇ. ಕಚೇರಿಯಲ್ಲಿ ಬರೆದದ್ದನ್ನೆಲ್ಲ ಕಾಯುವ ವ್ಯವಸ್ಥೆಯೊಂದಿತ್ತು, ಅದು ಪ್ರತಿ ಸಾಲಿನ ಮುಂದೆ ಒಂದು ಹೆಸರು ತೋರಿಸುತ್ತದೆ. ಬರೆದವರ ಹೆಸರಲ್ಲ, ಕೊನೆಯ ಸಲ ಮುಟ್ಟಿದವರ ಹೆಸರು. ಏಕಾದಶಿಯ ಸಂಜೆ ಆ ಕಡತದ ಪ್ರತಿ ಸಾಲನ್ನೂ ಮುಟ್ಟಿದ್ದವನು ಜಯತೀರ್ಥ. ಅವನಿಗಿದು ತಿಳಿದದ್ದು ತಿಂಗಳಾದ ಮೇಲೆ, ಯಾವುದೋ ಮಾತಿಗೆ ದೀಪಕ, "ಏನ್ ಬರದೀರಿ ಮಾರಾಯ್ರ ಸರಕಿನ ಲೆಕ್ಕ, ಎಲ್ಲಾ ನಿಮ್ಮ ಹೆಸರೇ ಐತಿ" ಎಂದಾಗ. ಅಂದು ಅಲ್ಲ ಎನ್ನಲು ಬಾಯಿ ತೆರೆದಿದ್ದ. ಆಗಲೇ ಯಾರೋ ಕರೆದರು. ಯಾರು ಕರೆದರೆಂದು ಎಷ್ಟು ನೆನೆಸಿಕೊಂಡರೂ ಈಗ ನೆನಪಿಗೆ ಬರುವುದಿಲ್ಲ, ಯಾರೂ ಕರೆದಿರಲಿಕ್ಕಿಲ್ಲ.

ನಳಿನಿ ಮೇಡಂ ತಂದೆ ಮಂಡ್ಯದ ಕಡೆಯಿಂದ ರಕ್ಷಣಾ ಇಲಾಖೆಯ ಕಾರ್ಖಾನೆಗೆ ಬಂದವರು, ಮೇಡಂ ಹುಟ್ಟಿದ್ದು ಓದಿದ್ದು ಎಲ್ಲ ಇಲ್ಲೇ. ಕನ್ನಡ ಮಾತಾಡುವಾಗ ನಡುನಡುವೆ ತೆಲುಗಿನ ಬಾಗು ಬರುತ್ತಿತ್ತು, 'ಹೇಳಿ' ಎನ್ನುವಲ್ಲಿ ಚೆಪ್ಪಂಡಿ, 'ಅಲ್ಲವೇ' ಎನ್ನುವಲ್ಲಿ ಕದಾ. ಗಾಜಿನ ಕೋಣೆಯಲ್ಲಿ ಅವರು ಕಂಪ್ಯೂಟರಿನ ತೆರೆಯನ್ನು ಅವನ ಕಡೆಗೆ ತಿರುಗಿಸಿದರು. ಯಾರ ಹೆಸರಿನಲ್ಲಿ ಎಷ್ಟು ಸಾಲಿದೆಯೆಂದು ತೋರಿಸುವ, ಬಣ್ಣಬಣ್ಣದ ಹೋಳುಗಳಾಗಿ ಕತ್ತರಿಸಿದ ಒಂದು ಚಕ್ರ. ಜಯತೀರ್ಥನ ಹೋಳು ಮೊಸರನ್ನದ ತಟ್ಟೆಯಷ್ಟು ದೊಡ್ಡದು. ಕಾವ್ಯಾಳದು ಉಪ್ಪಿನಕಾಯಿಯಷ್ಟೂ ಇಲ್ಲ.

"ನೋಡಿ ಜಯತೀರ್ಥ, ಹುಡುಗಿ ಒಳ್ಳೇವ್ಳೇ. ಮಾತು ಚೆನ್ನಾಗಿ ಆಡ್ತಾಳೆ. ಆದ್ರೆ ಇಷ್ಟು ದಿನದಲ್ಲಿ ಅವಳದ್ದು ಅಂತ ಕಾಣೋದು ಇಷ್ಟೇ ಅಂದ್ರೆ ಮೇಲಿನವ್ರು ನನ್ನ ಕೇಳಲ್ವಾ ಚೆಪ್ಪಂಡಿ? ಎಲ್ಲಾ ನೀವೇ ಮಾಡ್ತಿದೀರಿ."

"ಹಾಗಲ್ಲ ಮೇಡಂ. ಸರಕಿನದರಲ್ಲಿ ಅವಳ ಕೆಲಸ ಇದೆ."

"ಅದು ಪೂರ್ತಿ ನಿಮ್ಮದೇ ಕದಾ? ಸಾಲು ಸಾಲಲ್ಲೂ ನಿಮ್ಮ ಹೆಸರಿದೆ."

ಗಾಜಿನಾಚೆ ಕಾವ್ಯಾಳ ಬೆನ್ನು ಕಾಣುತ್ತಿತ್ತು, ಅವಳ ಜಡೆಗೆ ಹಾಕಿದ ಕಪ್ಪು ರಬ್ಬರು ಕಾಣುತ್ತಿತ್ತು. ಜಯತೀರ್ಥ, "ನಾನು ಸ್ವಲ್ಪ ಸ್ವಚ್ಛ ಮಾಡಿದೆ, ಅಷ್ಟೇ" ಅಂದ. ಇದು ನಿಜ. ಇದಕ್ಕಿಂತ ನಿಜವಾದ ಮಾತನ್ನು ಅವನು ಆ ತಿಂಗಳಲ್ಲಿ ಆಡಿರಲಿಲ್ಲ. ನಳಿನಿ ಮೇಡಂ ಕುರ್ಚಿಗೆ ಒರಗಿ ಅವನನ್ನು ಅಭಿಮಾನದಿಂದ ನೋಡಿದರು.

"ಇದೇ ನೋಡಿ ನಿಮ್ಮಲ್ಲಿ ನನಗೆ ಇಷ್ಟ ಆಗೋದು. ಅಷ್ಟು ಮಾಡಿ ಸ್ವಚ್ಛ ಮಾಡಿದೆ ಅಂತೀರಿ. ನಮ್ಮ ಜನಕ್ಕೆ ಹೊಗಳ್ಕೊಳೋದೇ ಬರಲ್ಲ." ತೆರೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. "ಸಂಜೆ ಮನೆಗೆ ಹೋಗೋ ಮುಂಚೆ ಇದನ್ನ ಕಳಿಸ್ಬಿಡ್ತೀನಿ. ನಿಮ್ಮದು ಆಗುತ್ತೆ. ಪಾಪ, ಹುಡುಗಿದು ನೋಡೋಣ, ಇನ್ನೆಲ್ಲಾದ್ರೂ ಸಿಗುತ್ತೆ. ಈಗ ಯಾರಿಗೆ ಕೆಲಸ ಸಿಗ್ತಿಲ್ಲ?"

ಅವನು ಎದ್ದು ಬಂದ. ಹೊಗಳಿಕೆ ಬೆವರಿನ ಹಾಗೆ ಮೈಗೆ ಅಂಟಿಕೊಂಡಿತ್ತು. ವಿಚಿತ್ರವೆಂದರೆ ಅವನಿಗೆ ನಾಚಿಕೆಯ ಜೊತೆಗೇ ಸ್ವಲ್ಪ ಸುಖವೂ ಆಗುತ್ತಿತ್ತು. ನಾನು ಹೇಳಿದೆನಲ್ಲ, ಅವರು ನಂಬಲಿಲ್ಲ, ಇನ್ನು ನನ್ನದೇನು? ಹೀಗೆ ಅಂದುಕೊಂಡವನಿಗೆ, ಅಜ್ಜಿ ಹೇಳುತ್ತಿದ್ದ ದೀಪದ ಕಂಬದ ಕಥೆ ಎಲ್ಲಿಂದಲೋ ಬಂದು ಎದುರಿಗೆ ಕೂತಿತು. ಕೃಷ್ಣೆಯ ದಂಡೆಯ ಒಂದು ಊರಿನಲ್ಲಿ ಒಬ್ಬ ಕಲ್ಲುಕುಟಿಗ ಗುಡಿಯ ಮುಂದೆ ದೀಪದ ಕಂಬ ನಿಲ್ಲಿಸಿ ಸತ್ತ. ಊರ ಗೌಡ ಪ್ರತಿ ಕಾರ್ತೀಕಕ್ಕೆ ಅದಕ್ಕೆ ಸುಣ್ಣ ಬಳಿಸಿದ. ವರ್ಷ ಕಳೆದು ಅದು ಗೌಡನ ಕಂಬವಾಯಿತು. ಒಂದು ವರ್ಷ ಜೋರು ಮಳೆ ಬಂದು ಸುಣ್ಣವೆಲ್ಲ ತೊಳೆದು, ಕಲ್ಲಿನ ಮೇಲೆ ಉಳಿಯ ಗುರುತು ಎದ್ದು ಕಂಡಿತು, ಊರೆಲ್ಲ ಬಂದು ಬೆರಗಾಗಿ ನೋಡಿತು. ಚಿಕ್ಕವನಾಗಿದ್ದ ಜಯತೀರ್ಥ, "ಆಮ್ಯಾಲೆ?" ಎಂದು ಕಣ್ಣರಳಿಸಿದ್ದ. "ಆಮ್ಯಾಲೆ ಏನು, ಮಳಿ ನಿಂತಿತು, ಮತ್ತ ಸುಣ್ಣಾ ಹೊಡದ್ರು" ಎಂದು ಅಜ್ಜಿ ಬತ್ತಿ ಹೊಸೆಯುವುದನ್ನು ಮುಂದುವರಿಸಿದ್ದಳು. ಇದೆಂಥ ಕಥೆ ಎಂದು ಅವನಿಗೆ ಅಂದು ಅಳುವೇ ಬಂದಿತ್ತು. "ದ್ಯಾವ್ರು ಏನೂ ಅನಲಿಲ್ಲೇನು?" "ದ್ಯಾವ್ರಿಗೆ ಬೆಳಕು ಬಂದ್ರಾತು, ಕಂಬ ಯಾರದು ಅಂತ ಕೇಳ್ತಾನೇನು? ಕೇಳಬೇಕಾದವರು ನಾವು."

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಬಾಳೆಹಣ್ಣು, ಮೊಸರು ಇಟ್ಟುಕೊಂಡು ಕೂತಿದ್ದಾಗ ತಾಯಿಯ ಫೋನು ಬಂತು.

"ತೀರ್ಥಾ, ಏನರ ತಿಂದ್ಯಾ ಇಲ್ಲಾ?"

"ತಿನ್ಲಿಕ್ಕತ್ತೀನಿ. ನಿಂದಾತೇನು?"

"ಇನ್ನೂ ಎಲ್ಲಿದಪಾ. ಪೂಜಾ ಈಗರ ಮುಗೀತು." ಕೆಮ್ಮು ಬಂತು. ಒಂದಕ್ಕೊಂದು ಹೆಣೆದುಕೊಂಡು ಬಂತು. ಅವನು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದ. "ಸೀರಿ ಮತ್ತ ನೀರಿಗೆ ಹಾಕ್ದೆ, ಅದಕ್ಕ ತಡ ಆತು."

"ಯಾಕ?"

"ಯಾಕಂದ್ರ? ನೀ ಮುಟ್ಟೀದಿ ಅಲಾ."

ಮೊಸರಿನೊಳಗೆ ಚಮಚ ನಿಂತಿತು. "ನೀ ನೋಡಿದ್ಯಾ?"

"ನೋಡೋದೇನ ಬಂತು. ಅಂಚಿಗೆ ಪೇಸ್ಟಿನ ಬಿಳೀ ಕಲಿ ಹತ್ತೇದ. ಈ ಮನ್ಯಾಗ ನಾ ಏನ್ ಪೇಸ್ಟ್ ಹಚ್ಚಿ ಹಲ್ಲ ತಿಕ್ಕತೀನೇನೋ?" ತಾಯಿ ನಕ್ಕರು, ನಗುವೂ ಕೆಮ್ಮಿನಲ್ಲಿ ಮುಗಿಯಿತು. "ಸ್ನಾನಾ ಮುಗಿಸಿ ಬಂದು, ಕೋಲಿಲೆ ತೊಗೊಂಡು, ಉಡೋ ಹೊತ್ತಿಗೆ ಕಣ್ಣಿಗೆ ಬಿತ್ತು. ಅಷ್ಟರಾಗ ಕರೆಂಟ್ ಹೋತು. ತಣ್ಣೀರಾಗ ಮತ್ತ ಸ್ನಾನ, ಮತ್ತ ಸೀರಿ ಹಿಂಡಿ ಹಸೀದೇ ಉಟ್ಕೊಂಡೆ. ನೀ ಬಾಗಿಲದಾಗ ನಿಂತು ಒಂದ್ ಮಾತು ಹೇಳಿದ್ರ ಬಕೀಟು ತುಂಬ ಬಿಸಿನೀರಿತ್ತಪಾ."

"ನಿನಗ ಥಂಡಿ ಆಗಬಾರ್ದು ಅಂತ..."

"ಹೌದೌದು. ಛೊಲೋ ಆತು." ಸಿಟ್ಟಿರಲಿಲ್ಲ ಆ ದನಿಯಲ್ಲಿ, ಇದ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. "ಮುಟ್ಟೋದು ಆಗ್ತದೋ. ಕೈ ಇದ್ದವ್ರು ಮುಟ್ಟತಾರ. ನೆನೀಬಾರದು ಅಂತನೇ ಸರಿಸಿರ್ತೀ, ನಂಗ ಗೊತ್ತಿಲ್ಲೇನು? ಆದ್ರ ಮುಟ್ಟಿದೆ ಅಂತ ಹೇಳಿದ್ರ ಮುಗೀತು, ನೀರ ಹಾಕ್ಕೋತೀನಿ. ಹೇಳದ ಹೋದ್ರ ಅದು ಎಲ್ಲಾದಕ್ಕೂ ಹತ್ತಗೋತ ಹೋಗ್ತದ, ಸೀರಿಂದ ಪಾತ್ರಿಗೆ, ಪಾತ್ರಿಂದ ನೈವೇದ್ಯಕ್ಕ. ಇರ್ಲಿ, ಬರೋವಾಗ ಒಂದೀಟು ಹಸಿ ಶುಂಠಿ ತೊಗೊಂಡ ಬಾ."

ಫೋನಿಟ್ಟು ಅವನು ಎದ್ದ. ಹೊರಗೆ ಗಾಜಿನ ಕಟ್ಟಡಗಳ ಮೇಲೆ ಮೋಡ ಒಂದರೊಳಗೊಂದು ಕರಗಿ, ಯಾವುದು ಆಕಾಶ ಯಾವುದು ಗಾಜು ತಿಳಿಯದಂತಾಗಿತ್ತು. ತಿರುಗಿ ಬಂದು ತನ್ನ ಜಾಗದಲ್ಲಿ ಕೂತು, ಏಕಾದಶಿಯ ಹಿಂದಿನ ದಿನದ ಆ ಕಡತವನ್ನು ತೆರೆದ. ವ್ಯವಸ್ಥೆ ಯಾವುದನ್ನೂ ಎಸೆಯುವುದಿಲ್ಲ, ಹಳೆಯದೆಲ್ಲ ಒಳಗೆ ಇರುತ್ತದೆ; ಯಾರೂ ಹೋಗಿ ನೋಡುವುದಿಲ್ಲ, ಅಷ್ಟೇ. ಕೂಸು ಇತ್ತು. ಕೂಸು ಬಂದರೆ ಬಾಗಿಲು ಬಿಡು. ಜಗಳಗಂಟಿ ಇದ್ದರೆ ಪಕ್ಕದ ಸೀಟು ಖಾಲಿ. ಮುದುಕನಿಗೆ ಸಿಟ್ಟು ಬರುವ ಹೊತ್ತಾಯಿತೇ ನೋಡು, ಆಗಿದ್ದರೆ ಅವನನ್ನೂ ಹತ್ತಿಸು. ಇದನ್ನು ಅವನು ಏಕಾದಶಿಯಂದು ಓದಿರಲೇ ಇಲ್ಲ, ತೊಳೆದಿದ್ದ. ಈಗ ಓದಿದಾಗ ಧೂಳಿನ ರಸ್ತೆಯಲ್ಲಿ ಒಂದು ಕೆಂಪು ಬಸ್ಸು ನಿಂತ ಹಾಗೆ, ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು ಯಾರನ್ನೂ ಬಿಟ್ಟುಹೋಗದೆ ಎಲ್ಲರನ್ನೂ ಅವರವರ ಸರದಿಯಲ್ಲಿ ಒಳಗೆ ಎಳೆದುಕೊಂಡ ಹಾಗೆ ಆಯಿತು. ತಾನು ಇಟ್ಟ ಹೆಸರುಗಳನ್ನು ಪಕ್ಕದಲ್ಲಿಟ್ಟು ನೋಡಿದ. ನಿಯಮದ ಪ್ರಕಾರ ತನ್ನವೇ ಸರಿ. ಈಗಲೂ ಅವನಿಗೆ ಅದರಲ್ಲಿ ಅನುಮಾನವಿರಲಿಲ್ಲ. ನಾಳೆ ಬೇರೆ ಯಾರೋ ಓದಬೇಕಾದವರು ಹುಮನಾಬಾದಿನ ಬಸ್ಸು ಹತ್ತಿದವರಿರುವುದಿಲ್ಲ. ಶುದ್ಧಮಾಡಿದ್ದು ತಪ್ಪಲ್ಲ. ತಪ್ಪು ಎಲ್ಲಿದೆಯೆಂದು ಲಿಂಟರನ್ನು ಕೇಳಿದರೆ ಅದು ಹಸಿರು ಗುರುತು ತೋರಿಸುತ್ತಿತ್ತು.

ಒಂದು ಉಪಾಯವಿತ್ತು, ಅವನಿಗೆ ತಿಂಗಳಿಂದ ಗೊತ್ತಿತ್ತು. ಒಂದು ಸಣ್ಣ ಕಡತ ಮಾಡಿ ಅದರೊಳಗೆ ತಾನು ಶುದ್ಧಮಾಡಿದ ಆ ಒಂದು ಬದಲಾವಣೆಯ ಗುರುತಿನ ಸಂಖ್ಯೆಯನ್ನು ಬರೆದಿಟ್ಟರೆ, ವ್ಯವಸ್ಥೆ ಆ ಬದಲಾವಣೆಯನ್ನು ದಾಟಿಕೊಂಡು ಹಿಂದಕ್ಕೆ ಹೋಗಿ, ಅದಕ್ಕೂ ಮೊದಲು ಬರೆದವರ ಹೆಸರನ್ನು ಸಾಲಿನ ಮುಂದೆ ತೋರಿಸುತ್ತದೆ. ಒಂದೇ ಸಾಲಿನ ಕೆಲಸ. ಹೆಸರುಗಳು ಶುದ್ಧವಾಗಿಯೇ ಉಳಿಯುತ್ತವೆ, ಮುಟ್ಟಿದವನು ಮಾತ್ರ ಮರೆಯಾಗುತ್ತಾನೆ. ಅದನ್ನು ಬರೆದ. ಬರೆದು, ಏನು ಮಾಡಿದೆ ಎಂದು ಎಲ್ಲರಿಗೂ ತಿಳಿಸುವ ಜಾಗದಲ್ಲಿ ಮೊದಲು 'ಉಪಕರಣದ ಹೊಂದಾಣಿಕೆ' ಎಂದು ಬರೆದ. ಸೊಗಸಾಗಿತ್ತು, ಯಾರೂ ತಿರುಗಿ ನೋಡುತ್ತಿರಲಿಲ್ಲ. ಅಳಿಸಿದ. ಒಂದು ದೊಡ್ಡ ಪ್ಯಾರಾ ಬರೆದ, ಅದರಲ್ಲಿ ಏಕಾದಶಿಯೂ ಸದುದ್ದೇಶವೂ ಬಂದವು, ಅದನ್ನೂ ಅಳಿಸಿದ. ಕೊನೆಗೆ ಉಳಿದದ್ದು: 'ಸರಕಿನ ಲೆಕ್ಕ ಬರೆದದ್ದು ಕಾವ್ಯಾ. ನಾನು ಮುಟ್ಟಿದ್ದೆ, ಹೇಳಿರಲಿಲ್ಲ.' ಇಂಥ ಟಿಪ್ಪಣಿ ಇಷ್ಟೇ ಅಕ್ಷರದಲ್ಲಿರಬೇಕೆಂದು ಅವನೇ ಮಾಡಿದ ನಿಯಮವಿತ್ತು, ಇದು ಅದನ್ನು ಸ್ವಲ್ಪ ಮೀರಿತ್ತು. ಮೀರಲಿ ಎಂದು ಗುಂಡಿ ಒತ್ತಿದ. ಅವನದೇ ಇನ್ನೊಂದು ನಿಯಮದ ಪ್ರಕಾರ ಯಾರದೇ ಬದಲಾವಣೆಯನ್ನು ಮತ್ತೊಬ್ಬರು ಓದಿ ಒಪ್ಪಬೇಕು. ಯಾರು ಓದಬೇಕೆಂಬುದನ್ನು ಯಂತ್ರವೇ ಸರದಿಯ ಮೇಲೆ ಆರಿಸುತ್ತದೆ. ಅದು ಕಾವ್ಯಾಳನ್ನು ಆರಿಸಿತು.

ಸಂಜೆಯ ದೀಪಗಳು ಹತ್ತಿಕೊಳ್ಳುತ್ತಿದ್ದವು. ದೀಪಕ ಚೀಲ ಹೆಗಲಿಗೇರಿಸಿ, ಹೋಗುವ ಮುನ್ನ ತೆರೆಯ ಮೇಲೆ ಬಂದ ಟಿಪ್ಪಣಿಯನ್ನು ಓದಿ, ಜಯತೀರ್ಥನ ಕಡೆ ನೋಡಿ, "ಬರ್ತೀನ್ರಿ ಸರ್" ಎಂದು ಹೋದ. ಅವನು ಸರ್ ಎಂದದ್ದು ಅದೇ ಮೊದಲು. ನಳಿನಿ ಮೇಡಂ ಕೋಣೆಯಿಂದ ಹೊರಗೆ ಬಂದರು, ಕೈಯಲ್ಲಿ ಕಾರಿನ ಕೀಲಿ.

"ಏನೋ ಬಂತಲ್ಲ ಜಯತೀರ್ಥ ನಿಮ್ಮಿಂದ, ಪೂರ್ತಿ ಓದ್ಲಿಲ್ಲ. ಚಾರ್ಟ್ ತೋರಿಸೋ ಟೂಲ್‌ದೇ ಏನೋ ತೊಂದ್ರೆ ಇತ್ತು ಅಂತಾನಾ? ಅಷ್ಟೇ ಕದಾ?"

ತಪ್ಪಿಸಿಕೊಳ್ಳುವ ಬಾಗಿಲು ಮತ್ತೊಮ್ಮೆ ತೆರೆದಿತ್ತು. ಹೂಂ ಅಂದರೆ ಸಾಕಿತ್ತು. ಯಂತ್ರದ ದೋಷ, ಯಂತ್ರಕ್ಕೆ ಅವಮಾನವಿಲ್ಲ, ಕಾವ್ಯಾಳಿಗೆ ಅವಳದು ಸಿಗುತ್ತದೆ, ಅವನ ವಿನಯವೂ ಉಳಿಯುತ್ತದೆ. ತೊಡೆಯ ಮೇಲಿದ್ದ ಕೈಯನ್ನು ಅವನು ಮೇಜಿನ ಮೇಲಿಟ್ಟ.

"ಟೂಲಿನದಲ್ಲ ಮೇಡಂ, ನಂದು. ಬರೆದದ್ದೆಲ್ಲ ಅವಳೇ. ಬೆಳಗ್ಗೆ ಸ್ವಚ್ಛ ಮಾಡಿದೆ ಅಂದೆನಲ್ಲ, ಅದು ವಿನಯಕ್ಕೆ ಅಂದದ್ದಲ್ಲ. ನಾನು ಮಾಡಿದ್ದೇ ಅಷ್ಟು. ನೀವು ತಪ್ಪು ತಿಳಿದಿರಿ ಅಂತ ಗೊತ್ತಾಗಿಯೂ ಸುಮ್ಮನಿದ್ದೆ."

ನಳಿನಿ ಮೇಡಂ ಕೀಲಿಯನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು. ಬೆಳಗಿನ ಅಭಿಮಾನ ಅವರ ಕಣ್ಣಿನಿಂದ ಹೇಗೆ ಇಳಿದು ಹೋಗುತ್ತದೆಂಬುದನ್ನು ಜಯತೀರ್ಥ ಪೂರ್ತಿ ನೋಡಬೇಕಾಯಿತು. "ನಿಮ್ಮ ಕಾಗದ ನಾನು ಇವತ್ತು ಕಳಿಸಲ್ಲ" ಎಂದರು. ಸ್ವಲ್ಪ ತಡೆದು, "ಅವಳದ್ದು ಕಳಿಸ್ತೀನಿ. ಚಾರ್ಟ್ ಬದಲಾಗೋ ತನಕ ಕೂತಿರ್ತೀನಿ" ಎಂದು ಕೋಣೆಗೆ ವಾಪಸು ಹೋದರು.

ಕಾವ್ಯಾಳ ಬೆನ್ನು ಈ ಮಾತೆಲ್ಲ ಕೇಳಿಸಿಕೊಂಡಿರಬೇಕು, ಅಲುಗಲಿಲ್ಲ. ಅವಳು ಅವನ ಒಂದು ಸಾಲಿನ ಕಡತವನ್ನು ಓದುತ್ತಿದ್ದಳು, ಒಂದು ಸಾಲಿಗೆ ಬೇಕಾದದ್ದಕ್ಕಿಂತ ಬಹಳ ಹೊತ್ತು ಓದುತ್ತಿದ್ದಳು. ಆಮೇಲೆ ಕುರ್ಚಿಯನ್ನು ಅರ್ಧ ತಿರುಗಿಸಿದಳು.

"ಸರ್."

"ಹೇಳಮ್ಮಾ."

"ಕೊನೀ ಸಾಲಾದ ಮ್ಯಾಲ ಎಂಟರ್ ಒತ್ತಿಲ್ರಿ ನೀವು."

ಅವನು ನೋಡಿದ. ಒತ್ತಿರಲಿಲ್ಲ. ಇದು ಪೈಥಾನ್ ಕಡತವಲ್ಲದ್ದರಿಂದ ಲಿಂಟರ್ ಇದನ್ನು ಓದಿರಲೇ ಇಲ್ಲ, ಹಸಿರನ್ನೂ ತೋರಿಸಿರಲಿಲ್ಲ, ಕೆಂಪನ್ನೂ ತೋರಿಸಿರಲಿಲ್ಲ. "ತಪ್ಪಾತು" ಎಂದು ಒತ್ತಿ, ಮತ್ತೆ ಕಳಿಸಿದ.

"ಈಗ ಸರಿ ಆತ್ರಿ" ಎಂದು ಅವಳು ಒಪ್ಪಿಗೆಯ ಗುರುತು ಹಾಕಿ, ತಿರುಗಿ ಕೂತಳು. ಜಯತೀರ್ಥ ಸರಕಿನ ಕಡತವನ್ನು ತೆರೆದ. ಮೇಲಿನಿಂದ ಕೆಳಗಿನ ತನಕ ಸಾಲುಗಳ ಮುಂದೆ ಅವನ ಹೆಸರು ಒಂದೊಂದಾಗಿ ಕಳಚಿ, ಆ ಜಾಗದಲ್ಲಿ ಕಾವ್ಯಾ, ಕಾವ್ಯಾ, ಕಾವ್ಯಾ ಎಂದು ಬಂದು ಕೂತಿತು. ಅವನು ಇಟ್ಟ ಉದ್ದುದ್ದ ಹೆಸರುಗಳ ಮುಂದೆಯೂ ಅವಳದೇ. ಪೂರ್ತಿ ಹೋಗಲಿಲ್ಲ ಅವನ ಹೆಸರು. ಅಲ್ಲಲ್ಲಿ ಒಂದೆರಡು ಕಡೆ ಉಳಿದಿತ್ತು. ಒಂದು ಭಾಗ ಮುಗಿದು ಇನ್ನೊಂದು ಶುರುವಾಗುವ ನಡುವೆ ಎರಡೆರಡು ಸಾಲು ಖಾಲಿ ಬಿಡಬೇಕೆಂಬ ನಿಯಮದಂತೆ ಅವನು ಸೇರಿಸಿದ್ದ ಖಾಲಿ ಸಾಲುಗಳು ಅವು. ಅವುಗಳಿಗೆ ಹಿಂದೆ ಬೇರೆ ಯಾರೂ ಇರಲಿಲ್ಲವಾದ್ದರಿಂದ ವ್ಯವಸ್ಥೆ ಅವನ್ನು ಅವನಿಗೇ ಬಿಟ್ಟಿತ್ತು. ಅವುಗಳನ್ನು ಒಂದು ಸಲ ನೋಡಿ, ತೆರೆಯನ್ನು ಮುಚ್ಚಿ, ಶುಂಠಿ ಕೊಳ್ಳಬೇಕೆಂಬುದನ್ನು ನೆನಪಿಸಿಕೊಂಡು ಎದ್ದ. ಗಾಜಿನ ಕೋಣೆಯಲ್ಲಿ ನಳಿನಿ ಮೇಡಂ ಕಾವ್ಯಾಳ ಕಾಗದವನ್ನು ಕಳಿಸುತ್ತಿದ್ದರು.